ಎರಡು ಓರೆಗೆರಿ ಆಚೆ

ಎರಡು ಓರೆಗೆರಿ ಕಂಡರ ಸಾಕು,
ಯಂತ್ರ ಮುಂದಿಂದು ಓದೂದಿಲ್ಲ.
ದಾಟಿ ಹೋಗತೈತಿ,
ಕೈ ಮಾಡಿದವರನ್ನ ಬಿಟ್ಟು ವಾಸ್ಕೊ ಬಸ್ಸು ಹೋದಂಗ.
ಅಲ್ಲಿ ಬರೆದದ್ದು ಮನುಷ್ಯಾಗ.
ಮುಂದ ಯಾವಾಗರ ಬರೋ, ಗುರುತಿಲ್ಲದ
ಇನ್ನೊಬ್ಬ ಮನುಷ್ಯಾಗ.

ಈ ಸಲ ಬಂದಾಕಿ ನಾನು.
ಬಂದರಿನ ಹಿಂದಿನ ಆಫೀಸು, ಮೂರನೇ ಮಾಳಿಗಿ.
ಕಿಟಕಿಗೆ ಕಲ್ಲಿದ್ದಲ ಧೂಳು,
ಎಷ್ಟು ಒರೆಸಿದರೂ ಸಂಜಿಗೆ ಮತ್ತ.
ಮೆನೆಜಿಸ್ ಸಾಹೇಬ ಹೇಳಿದ:
ಲಾರಿ ತೂಗೋ ಹಳೇ ಪ್ರೋಗ್ರಾಮು, ಮಾರೂದೈತಿ,
ಗಿರಾಕಿ ತೆಗೆದು ನೋಡ್ತಾನ.
ಕಾಮೆಂಟಿನ ಸ್ಪೆಲ್ಲಿಂಗ್ ಅಷ್ಟು ಸರಿ ಮಾಡು,
ಕೋಡು ಮುಟ್ಟಬ್ಯಾಡ.

ಮದುವಿ ಮನ್ಯಾಗ ಕೆಲಸ ಬಾರದವರನ್ನ
ಅಕ್ಕಿ ಹಸನ ಮಾಡಾಕ ಕೂಡಸ್ತಾರಲ್ಲ, ಹಂಗ ಕುಂತೆ.
ಹರಳು ಸಿಕ್ಕವು.
ರಿಸೀವ್‌ನ್ಯಾಗ ಐ ಮೊದಲು, ಇ ಆಮ್ಯಾಲೆ.
ಲೆಂತ್‌ನ್ಯಾಗ ಟಿ, ಎಚ್ ಜಾಗ ಅದಲಿಬದಲಿ.
ಸಕ್ಸೆಸ್‌ಗೆ ಒಂದು ಎಸ್ ಕಡಿಮಿ.
ನಮ್ಮ ಓಣ್ಯಾಗ ಎಲ್ಲಾ ಸಕ್ಸೆಸ್ಸಿಗೂ
ಒಂದು ಎಸ್ ಕಡಿಮೀನ ಬಿಡ್ರಿ.
ತಿದ್ದಿದೆ.

ಆಮ್ಯಾಲೆ ಬಂತು ತೂಕ.
ತೂಕದ ವೇಟು ಅಲ್ಲ, ಕಾಯೂ ವೇಟು,
ನೂರಾ ಹದಿನೇಳು ಕಡೆ.
ತುಂಬಿದ ಲಾರಿ ಕಾಯೂದು. ಖಾಲಿ ಲಾರಿ ಕಾಯೂದು.
ಅದರಾಗ ಇದನ್ನ ಕಳೆದರ
ಉಳಿದದ್ದು ಅದಿರಿನ ಕಾಯೂದು.
ಒಬ್ಬಾಕೀನ ನಕ್ಕೆ.
ನಕ್ಕಾದ ಮ್ಯಾಲೆ ನೆನಪಾತು
ಸಾವರ್ಡೆ ರಸ್ತಾದಾಗ ಮೈಲುಗಟ್ಟಲೆ ನಿಂತ ಲಾರಿ,
ಚಕ್ರದ ನೆರಳಿನ್ಯಾಗ ಮಲಗಿದ ಕ್ಲೀನರ್ ಹುಡುಗರು,
ನಮ್ಮವ್ವ ಬುಟ್ಟಿ ಹೊತ್ತು ಮಾರಿದ
ಕಡಕ್ ರೊಟ್ಟಿ, ಶೇಂಗಾ ಚಟ್ನಿ.
ತಪ್ಪು ಅಂತ ಹೆಂಗ ಅನ್ನಲಿ.
ಆದರೂ ತಿದ್ದಿದೆ. ಪಗಾರ ಅದಕ್ಕ.

ನಾಕನೇ ದಿನ, ಊಟ ಆಗಿ ಕಣ್ಣು ಎಳಿಯೂ ಹೊತ್ತಿಗೆ,
ಎಂಪ್ಟಿ ಅನ್ನೂ ಮಾತಿನ ಮುಂದ
ಒಂದು ವೈ ಬಂದು ಕುಂತಿತ್ತು.
ಯೆಂಪ್ಟಿ.
ಕೆಳಗ ಯೆಂಟ್ರಿ. ಅದರ ಕೆಳಗ ಯೆರರ್.
ನಾ ಕುರ್ಚಿ ಸರಿಸಿ ಎದ್ದು ನಿಂತೆ.
ನಮ್ಮಪ್ಪ ಹಿಂಗ ಅಂತಾನ:
ನನ್ನ ಕಡೆ ಬೆರಳು ಮಾಡಿ, ಸಿಮೆಂಟು ಕಲಸೂ ಗೆಳ್ಯಾರಿಗೆ,
ಯೆಂಜಿನಿಯರ್.

ಸಾಲಿನ ತುದಿಗೆ ಎಫ್, ಎಚ್. ಒಂದು ತಾರೀಖು.
ಕ್ಯಾಂಟೀನಿನ ಸಾಂತಾನ್ ಮುದುಕನ್ನ ಕೇಳಿದೆ.
ಫಕೀರಪ್ಪ, ಅಂದ. ಹಡಪದ.
ಕ್ಲೀನರ್ ಆಗಿ ಬಂದಾಂವ, ಕಾಟಾದಾಗ ಚೀಟಿ ಬರೀತಿದ್ದ.
ರಾತ್ರಿ ಕಂಪ್ಯೂಟರ್ ಖಾಲಿ ಇರ್ತಿತ್ತು,
ಪುಸ್ತಕ ಇಟಗೊಂಡು ಒಬ್ಬನ ಕಲಿತ.
ಗಣಿ ನಿಂತಾಗ ಹೋದ.
ಎಲ್ಲಿಗೆ?
ಮುದುಕ ತೊಳೆದ ಗ್ಲಾಸನ್ನ ಮತ್ತ ತೊಳೆದ.

ಝುವಾರಿನಗರದ ಕನ್ನಡ ಸಾಲ್ಯಾಗ
ಭಾಷೆ ಅಂತ ಬರೆದರ ನಾ ಬ-ದ ಹೊಟ್ಟಿ ಸೀಳತಿರಲಿಲ್ಲ.
ಮಮ್ಮಿಗಟ್ಟಿ ಬಾಯಾರು ಕೆಂಪು ಪೆನ್ನಿಲೆ ತಾವ ಸೀಳತಿದ್ರು,
ಒಂದು ಸಣ್ಣ ಗೀರು.
ಈಗ ಉಸಿರು ಬಂತು ನೋಡು, ಅಂತಿದ್ರು.
ವೈ ಒಂದೊಂದ ಅಳಿಸೂ ಮುಂದ
ಆ ಮಾತು ತಿರುಗಿ ತಿರುಗಿ ಬಂತು,
ಉಲ್ಟಾ ಆಗಿ.

ಕಡೀ ಫೈಲು.
ಒಂದು ಸಾಲಿನ ತುಂಬ ಕೆಂಪು ಗೆರಿ,
ಯಾವ ಮಾತೂ ಡಿಕ್ಷನರ್ಯಾಗ ಇಲ್ಲ.
ಎರಡು ಸಲ ಓದಿದೆ, ಮೂರನೇ ಸಲ ಬಾಯಿ ಬಿಟ್ಟು:
ಇಂಗ್ಲಿಷ್ ಅಕ್ಷರದಾಗ ಕನ್ನಡ.
"ಒಳಗ ಕ್ಲೀನರ್ ಮಲಗ್ಯಾನ.
ನಲವತ್ತು ಕಿಲೊ ಕಳೀರಿ. ಎಬ್ಬಿಸಬ್ಯಾಡ್ರಿ."
ಅದರ ಕೆಳಗ ಕೋಡು,
ಯಂತ್ರ ಓದೂ ಸಾಲು:
ರಾತ್ರಿ ಹತ್ತರಿಂದ ಬೆಳಗಿನ ಐದರ ತನಕ
ತೂಕದಾಗ ನಲವತ್ತು ವಜಾ.
ಇಷ್ಟು ವರ್ಷ.

ಮೆನೆಜಿಸ್ ಬಗ್ಗಿ ನೋಡಿದ. ಏನಿದು, ಕಸ?
ಸ್ಪೆಲ್ಲಿಂಗ್ ಸರಿ ಐತಿ ಸರ್, ಅಂದೆ.
ಅದು ಬಿಡು, ಈ ನಲವತ್ತು ಯಾರದು, ಅಂದ.
ಹುಡುಕಿ ಹೇಳ್ತೀನಿ ಅಂದೀನಿ.
ಇನ್ನೂ ಹೇಳಿಲ್ಲ.